ಒಪ್ಪತ್ತಿನ ಊಟವೂ ನಡುವಿನ ಸುತ್ತಳತೆಯೂ

“ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನಾಲ್ಕು ಹೊತ್ತು ಉಂಡವನ ಗತಿಯನ್ನೂ ಗಾದೆ ಹೇಳಿದೆ. ಅದನ್ನು ಇಲ್ಲಿ ಉಚ್ಚರಿಸುವುದು ಬೇಡ. ಗದಗಿನಲ್ಲಿ ಪಾಠ ಹೇಳಿಕೊಂಡಿರುವ ನನ್ನ ದಿನಚರಿಯನ್ನೇ ನೋಡಿ: ಬೆಳಗಿನ ಉಪ್ಪಿಟ್ಟು, ಹನ್ನೊಂದರ ಚಹಾದೊಡನೆ ಮಿರ್ಚಿ ಭಜಿ, ಮಧ್ಯಾಹ್ನದ ಊಟ, ಸಂಜೆಯ ಗಿರಮಿಟ್ಟು, ರಾತ್ರಿ ಹತ್ತಕ್ಕೆ ಮತ್ತೆ ಊಟ. ಎಣಿಸಿದರೆ ಐದು ಹೊತ್ತು! ಮೂವತ್ತೈದು ತುಂಬುವ ಮೊದಲೇ ನಡುಪಟ್ಟಿಯ ತೂತುಗಳು ಮುಗಿದುಹೋದದ್ದರಲ್ಲಿ ಆಶ್ಚರ್ಯವೇನು?

ಸಹೋದ್ಯೋಗಿಯೊಬ್ಬರು ಪರಿಹಾರ ಸೂಚಿಸಿದರು. ದಿನದ ಎಂಟು ತಾಸಿನೊಳಗೆ ಊಟವನ್ನೆಲ್ಲ ಮುಗಿಸಿ, ಉಳಿದ ಹದಿನಾರು ತಾಸು ನೀರಿನಲ್ಲಿ ಕಳೆಯಬೇಕು. ಇದಕ್ಕೆ ಈಗ ಮಧ್ಯಂತರ ಉಪವಾಸವೆಂದು ಹೆಸರು. ಈ ಹೊಸ ವ್ರತದ ಸುದ್ದಿಯನ್ನು ಹೊತ್ತುಕೊಂಡು ಕಳೆದ ಶ್ರಾವಣದಲ್ಲಿ ಹೊಂಬಳದ ನಮ್ಮ ಸೋದರತ್ತೆಯ ಮನೆಗೆ ಹೋದೆ. ಎಪ್ಪತ್ತು ದಾಟಿದ ಆಕೆ ಹರೆಯದಿಂದಲೂ ಶ್ರಾವಣ ಸೋಮವಾರಗಳಂದು ಒಪ್ಪತ್ತು ಮಾಡುತ್ತ ಬಂದವಳು. ನನ್ನ ವಿವರಣೆಯನ್ನೆಲ್ಲ ಕೇಳಿ ನಕ್ಕಳು.

“ಹಸಿವಿ ಅನ್ನೂದು ಬಾಗಿಲಿಗೆ ಬಂದ ಬೀಗರಿದ್ದಾಂಗ, ತಮ್ಮಾ. ಮಾತಾಡಸದಿದ್ರ ಒಂದು ತಾಸು ಕುಂತು, ತಾನ ಎದ್ದು ಹೋಗ್ತೈತಿ.”

ಬಂದು ಹೋಗುವ ಹಸಿವು

ಅತ್ತೆಯ ಈ ಮಾತಿಗೆ ಶಾಸ್ತ್ರದ ಆಧಾರವಿದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ರೂಢಿಯ ಊಟದ ಹೊತ್ತು ಸಮೀಪಿಸಿದಂತೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಉಣ್ಣದೆ ಕುಳಿತರೂ ಕೆಲಹೊತ್ತಿನ ಮೇಲೆ ತಾನಾಗಿಯೇ ಇಳಿಯುತ್ತದೆ. ನಮ್ಮ ಹಸಿವಿನ ಒಂದು ಪಾಲು ಹೊಟ್ಟೆಯ ಬೇಡಿಕೆಯಾದರೆ, ಇನ್ನೊಂದು ಪಾಲು ಬರಿಯ ಅಭ್ಯಾಸ.

ಉಣ್ಣುವ ವೇಳೆಯ ಪ್ರಭಾವವೂ ಹಸಿವಿನ ಮೇಲುಂಟು. 2022ರಲ್ಲಿ ಬೋಸ್ಟನ್ನಿನ ಸಂಶೋಧಕರು ಸ್ಥೂಲಕಾಯದ 16 ಜನರಿಗೆ ಅದೇ ಆಹಾರವನ್ನು ನಾಲ್ಕು ತಾಸು ತಡಮಾಡಿ ಬಡಿಸಿ ನೋಡಿದರು. ಹಸಿವು ಹೆಚ್ಚಿತು, ದೇಹ ವ್ಯಯಿಸುವ ಶಕ್ತಿ ಕಡಿಮೆಯಾಯಿತು. ಪ್ರಯೋಗ ಚಿಕ್ಕದು, ಆದರೂ ಅದನ್ನು ಓದಿದಾಗ ನನಗೆ ನೆನಪಾದದ್ದು ಗದಗಿಗೆ ಹತ್ತಿರದ ಲಕ್ಕುಂಡಿ. ಅಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ಜೈನರ ನಿಯಮ. ಅವರು ಅದನ್ನು ಪಾಲಿಸಿದ್ದು ಅಹಿಂಸೆಗಾಗಿ, ಸೊಂಟದ ಸುತ್ತಳತೆಗಾಗಿ ಅಲ್ಲ. ಆದರೂ ಬೇಗ ಉಣ್ಣುವ ರೂಢಿ ಹೊಟ್ಟೆಗೆ ಹಿತವೆಂಬುದರಲ್ಲಿ ಸಂದೇಹವಿಲ್ಲ.

ತಕ್ಕಡಿ ಹೇಳುವುದೇನು?

ಇನ್ನು ತೂಕದ ಮಾತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 116 ಜನರಿದ್ದರು. ಒಂದು ಗುಂಪು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮನಬಂದಷ್ಟು ಉಂಡಿತು. ಇನ್ನೊಂದು ಮೂರು ಹೊತ್ತು ಉಂಡಿತು. ಹನ್ನೆರಡು ವಾರಗಳ ಮೇಲೆ ಎರಡೂ ಗುಂಪುಗಳು ಸರಾಸರಿ ಒಂದು ಕಿಲೊ ಸಹ ಇಳಿದಿರಲಿಲ್ಲ. ಚೀನದ ಗ್ವಾಂಗ್‌ಝೌದಲ್ಲಿ 139 ಜನರಿಗೆ ಒಂದು ವರ್ಷ ಅಳತೆಯ ಆಹಾರವನ್ನೇ ವಿಧಿಸಿ, ಅರ್ಧ ಜನಕ್ಕೆ ಮಾತ್ರ ಗಡಿಯಾರದ ಕಟ್ಟನ್ನೂ ಹಾಕಿದರು. 2022ರಲ್ಲಿ ಹೊರಬಂದ ಫಲ ಇದು: ಕಟ್ಟಿಗೊಳಗಾದವರು 8 ಕಿಲೊ, ಉಳಿದವರು 6.3 ಕಿಲೊ ಇಳಿದಿದ್ದರು. ಆ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ತಕ್ಕಡಿ ಕೇಳುವುದು “ಎಷ್ಟು ಉಂಡೆ?” ಎಂದು, “ಎಷ್ಟು ಹೊತ್ತಿಗೆ ಉಂಡೆ?” ಎಂಬುದು ಅದರ ಎರಡನೆಯ ಪ್ರಶ್ನೆ.

ಈ ಮಾತಿನ ಸತ್ಯವನ್ನು ನಮ್ಮ ಏಕಾದಶಿಯ ಅಡಿಗೆಮನೆಯಲ್ಲಿಯೂ ಕಾಣಬಹುದು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿಯೂ ನೂರು ಗ್ರಾಂ ಸಾಬೂದಾಣಿಯಲ್ಲಿಯೂ ಸುಮಾರು 350 ಕ್ಯಾಲೊರಿಗಳೇ. ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಜೊತೆಗೆ ನಾರು. ಸಾಬೂದಾಣಿಯಲ್ಲಿ ಬಹುಮಟ್ಟಿಗೆ ಪಿಷ್ಟವೊಂದೇ. ಅದಕ್ಕೆ ತುಪ್ಪವೂ ಶೇಂಗಾಪುಡಿಯೂ ಬಿದ್ದ ಮೇಲೆ ಉಪವಾಸದ ಪುಣ್ಯ ಉಳಿದೀತು, ತೂಕವೂ ಉಳಿದೀತು!

ಗುಳಿಗೆಯ ಒಪ್ಪತ್ತು

ಇಲ್ಲಿಯವರೆಗೆ ನಗೆಯ ಮಾತಾಯಿತು. ಆದರೆ ಅದೇ ಶ್ರಾವಣದ ಮೂರನೆಯ ಸೋಮವಾರ ನಡೆದದ್ದು ನಗುವ ಸಂಗತಿಯಲ್ಲ. ಅತ್ತೆಗೆ ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂದು ಬೆಳಿಗ್ಗೆ ಎಂದಿನಂತೆ ಗುಳಿಗೆ ನುಂಗಿದ್ದಳು. ಊಟ ಮಾತ್ರ ಸಂಜೆಗೆಂದು ಇಟ್ಟಿದ್ದಳು. ಮೂರು ಗಂಟೆಯ ಸುಮಾರಿಗೆ ಮೈಯೆಲ್ಲ ಬೆವರಿತು, ಕೈ ನಡುಗಿತು, ಮಾತು ತೊದಲಿತು. ನೆರೆಯ ಸೊಸೆಯೊಬ್ಬಳು ಸಮಯಸ್ಫೂರ್ತಿಯಿಂದ ಸಕ್ಕರೆ ನೀರು ಕುಡಿಸದಿದ್ದರೆ ಏನಾಗುತ್ತಿತ್ತೋ! ಗ್ಲಿಮೆಪಿರೈಡಿನಂಥ ಗುಳಿಗೆಗಳೂ ಇನ್ಸುಲಿನ್ನೂ ಹೊಟ್ಟೆ ಬರಿದಾಗಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಪಾಯದ ಗಂಟೆ ಬಾರಿಸಿದಂತೆಯೇ. ಆದುದರಿಂದಲೇ ರಂಜಾನಿನ ರೋಜಾ ಹಿಡಿಯುವ ಮಧುಮೇಹಿಗಳು ಮುಂಚಿತವಾಗಿ ವೈದ್ಯರನ್ನು ಕಂಡು, ಔಷಧದ ಪ್ರಮಾಣವನ್ನೂ ವೇಳೆಯನ್ನೂ ಹೊಂದಿಸಿಕೊಳ್ಳಬೇಕೆಂದು ವೈದ್ಯಶಾಸ್ತ್ರ ವಿಧಿಸುತ್ತದೆ. ಸೋಮವಾರಕ್ಕೂ ಏಕಾದಶಿಗೂ ಹದಿನಾರು ತಾಸಿನ ಹೊಸ ವ್ರತಕ್ಕೂ ಈ ವಿಧಿಯೇ ಸಲ್ಲಬೇಕು. ಬಸುರಿಯರೂ, ಮೊಲೆಯುಣಿಸುವ ತಾಯಂದಿರೂ, ಬೆಳೆಯುವ ಮಕ್ಕಳೂ ತೂಕದ ನೆಪದಿಂದ ಇದರ ಗೊಡವೆಗೆ ಹೋಗಲೇಬಾರದು.

ಮರುದಿನ ಅತ್ತೆ ಚೇತರಿಸಿಕೊಂಡು ಅಂದಳು: “ನಾ ಒಪ್ಪತ್ತು ಮಾಡಿದೆ, ಗುಳಿಗಿಗೆ ಮಾಡಸ್ಲಿಲ್ಲ ನೋಡು, ತಮ್ಮಾ.” ಅವಳನ್ನು ಗದಗಿನ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ವ್ರತದ ದಿನ ಗುಳಿಗೆಯನ್ನು ಹೇಗೆ, ಎಷ್ಟು ತೆಗೆದುಕೊಳ್ಳಬೇಕೆಂದು ಅವರು ಬರೆದುಕೊಟ್ಟ ಚೀಟಿ ಈಗ ದೇವರ ಜಗುಲಿಯ ಮೇಲೆ ವಿಭೂತಿಯ ಪಕ್ಕದಲ್ಲಿದೆ.

ನನ್ನ ಮಾತು? ರಾತ್ರಿಯ ಊಟ ಏಳಕ್ಕೆ ಮುಗಿಯುತ್ತಿದೆ. ನಾಲ್ಕು ತಿಂಗಳಲ್ಲಿ ಮೂರು ಕಿಲೊ ಇಳಿದಿದ್ದೇನೆ. ಇದರ ಯಶಸ್ಸು ಗಡಿಯಾರದ್ದೆಂದು ಸಹೋದ್ಯೋಗಿಗಳು ನಂಬಿದ್ದಾರೆ. ಹನ್ನೊಂದು ಗಂಟೆಗೆ ಬರುವ ಬೀಗರನ್ನು ಈಗ ನಾನು ಮಾತನಾಡಿಸುತ್ತಿಲ್ಲವೆಂಬುದು, ಭಜಿ ಕರಿಯುವವನಿಗಷ್ಟೇ ಗೊತ್ತು.