ಗಿಟಾರಿನ ಎದೆಯ ಮೇಲಿನ ಫಲಕ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರನ್ನು ಅರಿಯದವರಾರು? ಅವರ ತಂಬೂರಿಯಲ್ಲಿ ನಾದ ಹುಟ್ಟುವುದು ತಂತಿಯಿಂದಲೇ ಎಂದು ತೋರುವುದುಂಟು. ಆದರೆ ಅಷ್ಟು ತೆಳುವಾದ ತಂತಿ ತಾನೊಂದೇ ಅಲುಗಿಸಬಲ್ಲ ಗಾಳಿ ಅತ್ಯಲ್ಪ. ತಂತಿಯ ಕಂಪನವು ಕುದುರೆಯ ಮೂಲಕ ಮೇಲಿನ ಹಲಗೆಗೆ ಇಳಿದು, ಆ ಅಗಲವಾದ ಹಲಗೆ ಗಾಳಿಯನ್ನು ನೂಕಿದಾಗಲೇ ನಮ್ಮ ಕಿವಿ ತುಂಬುವುದು. ಗಿಟಾರಿನದೂ ಇದೇ ಸೂತ್ರ.

ಗಿಟಾರು ಈ ಸೀಮೆಗೆ ತೀರ ಪರಕೀಯವೂ ಅಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಕಾಡಿನಲ್ಲಿ ಕಾಣುವ ಬೀಟೆಯ ಜಾತಿಯ ಮರವೇ ಲೋಕದ ಅನೇಕ ಗಿಟಾರುಗಳಿಗೆ ಬೆನ್ನೂ ಪಕ್ಕೆಯೂ ಆಗಿದೆ; ಅಮೆರಿಕದ ಮಾರ್ಟಿನ್ ಕಾರ್ಖಾನೆಯು 1969ರಲ್ಲಿ ಬ್ರೆಜಿಲ್ಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ತಿರುಗಿತು. ಎದೆಯ ಹಲಗೆ ಮಾತ್ರ ಬೇರೆ. ಅದು ಸಾಮಾನ್ಯವಾಗಿ ಹಗುರವಾದ ಸ್ಪ್ರೂಸ್ ಮರದ್ದು. ದಪ್ಪ 3 ಮಿಲಿಮೀಟರಿನಷ್ಟು, ತೂಕ ಸುಮಾರು 150 ಗ್ರಾಂ.

ಈ ಹಲಗೆಗೆ ಮೀಟುವ ಬಿಲ್ಲೆಯ ಗೀರು ತಗುಲದಿರಲೆಂದು ನಾದರಂಧ್ರದ ಪಕ್ಕದಲ್ಲಿ ಅಂಟಿಸುವ ಪ್ಲಾಸ್ಟಿಕ್ ಫಲಕವೇ ಪಿಕ್‌ಗಾರ್ಡ್. ಅದು ದೊಡ್ಡದಾದರೆ ನಾದ ಕುಗ್ಗುವುದೇ ಎಂಬುದು ವಾದಕರ ಹಳೆಯ ಜಗಳ. ನಾವು ಲೆಕ್ಕವನ್ನೇ ಕೇಳೋಣ. 100 ಚದರ ಸೆಂಟಿಮೀಟರ್ ವಿಸ್ತಾರ, 0.8 ಮಿಲಿಮೀಟರ್ ದಪ್ಪವುಳ್ಳ ಫಲಕದ ತೂಕ 11 ಗ್ರಾಂ ಆದೀತು. ವಿಸ್ತಾರವನ್ನು ನಾಲ್ಮಡಿ, ದಪ್ಪವನ್ನು ಇಮ್ಮಡಿ ಮಾಡಿದರೆ 90 ಗ್ರಾಂ! ಹಲಗೆಯ ತೂಕದ ಅರ್ಧಕ್ಕೂ ಮಿಗಿಲು. ದಪ್ಪ ಇಮ್ಮಡಿಯಾದರೆ ಫಲಕದ ಬಿಗುಪು ಎಂಟು ಮಡಿಯಾಗುವುದೆಂಬುದನ್ನೂ ಮರೆಯಬಾರದು. ತೂಕವು ಹಲಗೆಯ ಕಂಪನಸಂಖ್ಯೆಯನ್ನು ಇಳಿಸುತ್ತದೆ, ಬಿಗುಪು ಏರಿಸುತ್ತದೆ. ಇವೆರಡರ ಎಳೆದಾಟದ ನಡುವೆ ಪ್ಲಾಸ್ಟಿಕ್ಕು ಕಂಪನದ ಒಂದು ಪಾಲನ್ನು ಶಾಖವಾಗಿಸಿ ನುಂಗುತ್ತದೆ. 1962ರಲ್ಲಿ ಗಿಬ್ಸನ್ ಕಂಪನಿ ಎವರ್ಲಿ ಸೋದರರ ಹೆಸರಿನಲ್ಲಿ ಹೊರತಂದ ಗಿಟಾರಿಗೆ ಎರಡೂ ಪಕ್ಕ ಇಂಥ ಹಿರಿಯ ಫಲಕಗಳಿದ್ದವು. ನೋಟಕ್ಕೆ ಸೊಗಸು, ನಾದದ ದೃಷ್ಟಿಯಿಂದ ನಾವದನ್ನು ಹೊಗಳಲಾರೆವು.

ಹಾಗೆಂದು ತೂಕವೇ ಶತ್ರುವೆನ್ನಬಹುದೆ? ನಮ್ಮ ಮೃದಂಗವನ್ನು ನೋಡಿ. ಬಲಮುಖದ ನಡುವಿನ ಕರಣೆಯೂ ತೂಕವೇ. ಬರಿಯ ಚರ್ಮದ ಮೇಲ್ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆ ಅವನ್ನು ತಂತಿಯ ಸ್ವರಗಳಂತೆ ಹೊಂದಿಸುತ್ತದೆಂದು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿಯೇ ತೋರಿಸಿದರು. ಆದುದರಿಂದ ತೂಕ ಎಷ್ಟೆಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ಕೇಳಬೇಕು.

ಗಿಟಾರು ಕೈಯಲ್ಲಿದ್ದವರು ಪರೀಕ್ಷಿಸಬಹುದು. ದಪ್ಪ ತಂತಿಯನ್ನು ಮೀಟಿ, ಹಲಗೆಯ ಮೇಲೆ ಬೆರಳನ್ನು ಮೆಲ್ಲನೆ ಇರಿಸಿ. ಕುದುರೆಯ ಬಳಿ ನಡುಕ ಸ್ಪಷ್ಟ. ನಾದರಂಧ್ರದ ಪಕ್ಕದಿಂದ ಅಂಚಿಗೆ ಸರಿದಂತೆ ಅದು ಕ್ಷೀಣ, ಅಲ್ಲಿ ಒಳಗಿನ ಆಧಾರಪಟ್ಟಿಗಳ ಬಿಗಿ ಹೆಚ್ಚು. ಚಿಕ್ಕ ಫಲಕ ಕುಳಿತಿರುವುದು ಈ ಶಾಂತ ಪ್ರದೇಶದಲ್ಲಿಯೇ. ಅದರ ಪರಿಣಾಮವನ್ನು ಕಿವಿಯಿಂದ ಗುರುತಿಸುವುದು ಕಷ್ಟ. ಫಲಕ ಕುದುರೆಯತ್ತ ಚಾಚಿದಾಗಲೇ ತೊಂದರೆ. ಉಬ್ಬೆದೆಯ ಜಾಜ್ ಗಿಟಾರುಗಳಲ್ಲಿ ಫಲಕವನ್ನು ಹಲಗೆಗೆ ತಾಗದಂತೆ ಕಂಬಿಯ ಮೇಲೆ ನಿಲ್ಲಿಸುವ ಪದ್ಧತಿ ಇದಕ್ಕೆ ಜಾಣ ಪರಿಹಾರ.

ಇದನ್ನೋದಿ ಯಾರಾದರೂ ಉಗುರು ಹಾಕಿ ಫಲಕವನ್ನು ಕಿತ್ತಾರು! ಅಂಟಿನೊಡನೆ ಮೆರುಗೂ ಮರದ ನಾರೂ ಎದ್ದು ಬರುವ ಭಯವುಂಟು. ಅಗ್ಗದ ಗಿಟಾರುಗಳ ಎದೆಯಂತೂ ಬಹುಪಾಲು ಪದರಹಲಗೆ; ಅದು ಮೊದಲೇ ಬಿಗಿ, ಫಲಕ ಹೋದರೂ ಇದ್ದರೂ ಅದರ ದನಿ ಅಷ್ಟೆ.