ಅಪ್ಪನ ಜೇಬಿನ ಪಟ್ಟಿ: ಬಿ.ಕಾಂ. ಕಲಿಕೆಯನ್ನು ಅಳೆಯುವ ಬಗೆ

ಗದಗ ಜಿಲ್ಲೆಯ ಬೆಳ್ಳಟ್ಟಿಯ ರೈತರೊಬ್ಬರು ಶೇಂಗಾ ಮಾರಲು ಪ್ಯಾಟಿಗೆ ಹೋದರೆನ್ನಿ. ಸಂಜೆ ಮನೆಗೆ ಬರುವಾಗ ಅಂಗಿಯ ಜೇಬಿನಲ್ಲಿ ದಲಾಲಿ ಅಂಗಡಿಯ ಪಟ್ಟಿ ಇರುತ್ತದೆ. ಪಾಠಕ್ಕೆಂದು ನಾನೇ ಹೊಂದಿಸಿಕೊಂಡ ಪಟ್ಟಿ ಹೀಗಿದೆ: ಮಾಲು 12 ಕ್ವಿಂಟಲ್, ದರ 5,500, ಒಟ್ಟು 66,000 ರೂಪಾಯಿ. ಅದರಲ್ಲಿ ಹಮಾಲಿ 300, ದಲಾಲಿ 1,320, ಬಿತ್ತನೆಗೆ ತಂದಿದ್ದ ಮುಂಗಡ 10,000 ಕಳೆದು ಕೈಗೆ ಬಂದದ್ದು 54,380.

ಅದೇ ಮನೆಯಲ್ಲಿ ಬಿ.ಕಾಂ. ಓದುವ ಮಗಳಿದ್ದಾಳೆ. ಅವಳ ಪುಸ್ತಕದಲ್ಲಿ ‘ಕನ್‌ಸೈನ್‌ಮೆಂಟ್ ಅಕೌಂಟ್ಸ್’ ಎಂಬ ಪಾಠವಿದೆ. ಮಾಲು ಮಾರಿಕೊಟ್ಟ ಏಜೆಂಟ್ ಮಾಲಿನ ಒಡೆಯನಿಗೆ ಕಳಿಸುವ ಲೆಕ್ಕಕ್ಕೆ ಅಲ್ಲಿ ‘ಅಕೌಂಟ್ ಸೇಲ್ಸ್’ ಎನ್ನುತ್ತಾರೆ. ಅಪ್ಪನ ಜೇಬಿನ ಪಟ್ಟಿಯೂ ಅದೇ ಜಾತಿಯ ಕಾಗದ. ಪರೀಕ್ಷೆಯಲ್ಲಿ ಯಾವುದೋ ದೂರದ ಊರಿನ ವ್ಯಾಪಾರಿಯ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿ ಬಂದ ಹುಡುಗಿ, ಈ ಪಟ್ಟಿಯನ್ನು ಕಂಡು ‘ಇದು ನಾನು ಕಲಿತದ್ದೇ’ ಎಂದು ಗುರುತಿಸುತ್ತಾಳೆಯೇ? ಕಲಿಕೆಯನ್ನು ಅಳೆಯುವ ಮಾತು ಇಲ್ಲಿಂದ ಶುರುವಾಗಬೇಕು.

ಅವಳ ಅಂಕಪಟ್ಟಿ ಇದಕ್ಕೆ ಉತ್ತರ ಹೇಳುವುದಿಲ್ಲ. 100ಕ್ಕೆ 68 ಎಂದಿದ್ದರೆ ಆ 68ರಲ್ಲಿ ಬರೆದ ಪರೀಕ್ಷೆಯಿದೆ, ಕಿರುಪರೀಕ್ಷೆಯಿದೆ, ಅಸೈನ್‌ಮೆಂಟ್ ಇದೆ, ಎಷ್ಟೋ ಕಡೆ ಹಾಜರಿಯೂ ಇದೆ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ತೂಗಿದಂತೆ. ತೂಕ ಸಿಕ್ಕಿತು, ಒಳಗೆ ಕಾಳೆಷ್ಟು, ಹೊಟ್ಟೆಷ್ಟು ತಿಳಿಯಲಿಲ್ಲ. ವಾಣಿಜ್ಯ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ, 1916ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಎಸಿಎಸ್‌ಬಿ 2003ರಲ್ಲಿ ತನ್ನ ಮಾನದಂಡಗಳನ್ನು ತಿದ್ದಿದಾಗ ಇದೇ ಮಾತನ್ನು ಮುಂದಿಟ್ಟಿತು: ಒಟ್ಟು ಗ್ರೇಡು ಸಾಲದು, ವಿದ್ಯಾರ್ಥಿ ಮಾಡಿದ ಕೆಲಸವನ್ನೇ ನೋಡಿ ಅಳೆಯಬೇಕು. ನಮ್ಮಲ್ಲಿ 1994ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲೇ ಕಚೇರಿ ಹೊಂದಿರುವ ಮಾನ್ಯತಾ ಸಂಸ್ಥೆ ನ್ಯಾಕ್ ಕೂಡ ಕಾಲೇಜುಗಳಿಗೆ ಕಲಿಕಾ ಫಲಗಳ ಲೆಕ್ಕ ಕೇಳುತ್ತದೆ. ಅಧ್ಯಾಪಕರ ಕೋಣೆಯಲ್ಲಿ ಇದಕ್ಕೆ ‘ಸಿಒ, ಪಿಒ’ ಎಂಬ ಹೆಸರು. ಒಂದು ವಿಷಯ ಓದಿದ ಮೇಲೆ ಏನು ಬರಬೇಕು ಎಂಬುದು ಸಿಒ, ಇಡೀ ಪದವಿ ಮುಗಿದ ಮೇಲೆ ಏನು ಬರಬೇಕು ಎಂಬುದು ಪಿಒ.

ಕಲಿಕಾ ಫಲವನ್ನು ಬರೆಯುವಾಗಲೇ ಬಹಳ ಕಡೆ ಕಾಲು ಜಾರುತ್ತದೆ. ‘ವಿದ್ಯಾರ್ಥಿಯು ಕನ್‌ಸೈನ್‌ಮೆಂಟ್ ಲೆಕ್ಕವನ್ನು ಅರಿಯುತ್ತಾನೆ’ ಎಂದು ಬರೆದರೆ, ಅರಿತದ್ದನ್ನು ನಾವು ಎಲ್ಲಿ ನೋಡುವುದು? ಬದಲಿಗೆ ‘ದಲಾಲಿ ಪಟ್ಟಿಯನ್ನು ಓದಿ ರೈತನ ಪುಸ್ತಕದಲ್ಲೂ ದಲಾಲರ ಪುಸ್ತಕದಲ್ಲೂ ಜಮಾ-ನಾವೆ ಬರೆಯಬಲ್ಲಳು, ತಪ್ಪು ಕಡಿತವಿದ್ದರೆ ಹುಡುಕಬಲ್ಲಳು’ ಎಂದು ಬರೆದರೆ ಅದು ಕಣ್ಣಿಗೆ ಕಾಣುತ್ತದೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ, 2001ರಲ್ಲಿ ಪರಿಷ್ಕಾರಗೊಂಡ ಆರು ಮೆಟ್ಟಿಲುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ಸರಿ-ತಪ್ಪು ತೂಗುವುದು, ಹೊಸದಾಗಿ ಕಟ್ಟುವುದು. ನಮ್ಮ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಮೊದಲ ಮೂರರಲ್ಲೇ ನಿಂತುಬಿಡುತ್ತವೆ.

ಈಗ ಆ ಪಟ್ಟಿಯನ್ನೇ ತರಗತಿಗೆ ಒಯ್ಯೋಣ. ಕೂಡಿ ಕಳೆಯುವುದು ಬಹುತೇಕ ಎಲ್ಲರಿಗೂ ಬರುತ್ತದೆ. ಎರಡನೆಯ ಹಂತದಲ್ಲಿ ಎಡವುತ್ತಾರೆ. 10,000 ಮುಂಗಡವನ್ನು ಹಮಾಲಿಯ ಜೊತೆ ಸೇರಿಸಿ ‘ಖರ್ಚು’ ಎಂದು ಬರೆಯುತ್ತಾರೆ. ಅದು ಖರ್ಚಲ್ಲ, ಸಾಲ ತೀರಿದ್ದು. ರೈತನ ಮಾರಾಟದ ಹಣ ಅದರಿಂದ ಕಡಿಮೆಯಾಗುವುದಿಲ್ಲ. ಮೂರನೆಯ ಹಂತ ಇನ್ನೂ ಸೂಕ್ಷ್ಮ. ಪಠ್ಯದ ಲೆಕ್ಕದಲ್ಲಿ ಏಜೆಂಟನ ಕಮಿಷನ್ ಮಾಲಿನ ಒಡೆಯನಿಂದ ಕಡಿತವಾಗುತ್ತದೆ. ನಮ್ಮ ರಾಜ್ಯದ ಎಪಿಎಂಸಿ ನಿಯಮವೇ ಬೇರೆ. ದಲಾಲಿಯನ್ನು ಖರೀದಿದಾರರು ಕೊಡಬೇಕು, ರೈತರಿಂದ ಹಿಡಿಯುವ ಹಾಗಿಲ್ಲ. ಹಾಗಾಗಿ ಆ 1,320 ಪಟ್ಟಿಯಲ್ಲಿ ಇರಲೇಬಾರದು. ಕೈಗೆ 55,700 ಬರಬೇಕಿತ್ತು. ಪಠ್ಯವನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ತಪ್ಪೇ ಕಾಣುವುದಿಲ್ಲ.

ಒಂದು ತರಗತಿಯಲ್ಲಿ 40 ಜನರಿದ್ದು, ಮೊತ್ತ ಸರಿ ಹಾಕಿದವರು 34, ಮುಂಗಡವನ್ನು ಸರಿಯಾಗಿ ಬರೆದವರು 22, ತಪ್ಪು ಕಡಿತ ಹಿಡಿದವರು 9 ಎಂದುಕೊಳ್ಳಿ. ಮೊತ್ತಕ್ಕೆ ಹೆಚ್ಚು ಅಂಕ ಇಟ್ಟಿದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆ 9 ಅದರಡಿ ಮುಚ್ಚಿಹೋಗುತ್ತದೆ. ಅಧ್ಯಾಪಕರಿಗೆ ಬೇಕಾದದ್ದೋ ಆ 9. ಮುಂದಿನ ವಾರದ ಪಾಠ ಯಾವುದೆಂದು ಹೇಳುವುದು ಅದೊಂದೇ ಅಂಕಿ. ಇಂಥ ಅಂಕಿಗಳನ್ನು ಕಾಲೇಜಿನವರು ಎಕ್ಸೆಲ್ ಹಾಳೆಯಲ್ಲಿ ತುಂಬಿ, ಮುದ್ರಿಸಿ, ಫೈಲಿಗೆ ಹಾಕಿ ಕಪಾಟಿನಲ್ಲಿ ಇಟ್ಟರೆ ಯಾರಿಗೂ ಏನೂ ಆಗಲಿಲ್ಲ. ಪಾಠ ಬದಲಾಗಬೇಕು, ಮರುವರ್ಷ ಅದೇ ಕೆಲಸ ಕೊಟ್ಟು 9 ಎಷ್ಟಾಯಿತೆಂದು ನೋಡಬೇಕು.

ಭಾಷೆಯ ತೊಡಕು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷಿನ ಪ್ರಶ್ನೆ ಕೊಟ್ಟು ಸೊನ್ನೆ ಹಾಕಿದರೆ, ನಾವು ಅಳೆದದ್ದು ಲೆಕ್ಕಶಾಸ್ತ್ರವನ್ನೋ ಇಂಗ್ಲಿಷನ್ನೋ? ಪಟ್ಟಿಯನ್ನು ಕೈಗೆ ಕೊಟ್ಟು, ‘ನೋಡವಾ, ಇದರಾಗ ತಪ್ಪೇನೈತಿ?’ ಎಂದು ಕೇಳಿ ನೋಡಬೇಕು. ‘ದಲಾಲಿ ನಮ್ಮ ಕಡಿಂದ ಹಿಡದಾರ್ರೀ ಸರ್, ಅದನ್ನ ತಗೊಂಡವ್ರು ಕೊಡಬೇಕಲ್ರಿ’ ಎಂದು ಅವಳು ಹೇಳಿದರೆ ಐದನೆಯ ಮೆಟ್ಟಿಲು ಹತ್ತಿದ್ದಾಳೆ. ಅದನ್ನು ಇಂಗ್ಲಿಷಿನಲ್ಲಿ ಬರೆಯುವುದೂ ಕಲಿಯಬೇಕಾದದ್ದೇ. ಅದಕ್ಕೆ ಬೇರೆ ಕಲಿಕಾ ಫಲ, ಬೇರೆ ಅಂಕ ಇರಲಿ.

ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಪ್ರಕಾರ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಪಠ್ಯಕ್ರಮ ಹೀಗೆ ಹೊರಳುವಾಗಲೂ ಕೊನೆಯ ವರ್ಷದ ಒಂದು ಕೆಲಸವನ್ನು ಯಾವ ಕಾಲೇಜಾದರೂ ಇಟ್ಟುಕೊಳ್ಳಬಹುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ವಿದ್ಯಾರ್ಥಿನಿ ತನ್ನೂರಿನ ಅಂಥ ಸಂಘದ ವಾರ್ಷಿಕ ವರದಿ ತರಲಿ. ಸಾಲ ಎಷ್ಟು ಬಾಕಿ, ಅದರಲ್ಲಿ ಗಡುವು ಮೀರಿದ್ದೆಷ್ಟು, ಲಾಭ ಎಲ್ಲಿಂದ ಬಂತು ಎಂದು ಎರಡು ಪುಟ ಬರೆಯಲಿ. ಇಬ್ಬರು ಅಧ್ಯಾಪಕರು ಬೇರೆ ಬೇರೆ ಕೂತು, ಮೊದಲೇ ಒಪ್ಪಿಕೊಂಡ ಅಳತೆಯಲ್ಲಿ ಅದಕ್ಕೆ ಅಂಕ ಕೊಡಲಿ. ಅಂಕ ಹೊಂದದಿದ್ದರೆ ಕೂತು ಮಾತಾಡಲಿ. ಆಮೇಲೆ ಅವಳು ಆ ಎರಡು ಪುಟವನ್ನು ಊರಿಗೆ ಒಯ್ದು, ಸಂಘದ ಸದಸ್ಯನಾದ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಲಿ.