ಗುಲಾಬಿ ಹೇನಿನ ಔಷಧಿ ಮಕ್ಕಳ ತಲೆಗೆ ಬೇಡ

ಹೊಸೂರು, ಬಾಗಲೂರು, ತಳಿ ಕಡೆಯ ನಾವು ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಜನ. ಕನ್ನಡದ ಹೇನು ತೆಲುಗಿನಲ್ಲಿ ಪೇನು, ತಮಿಳಿನಲ್ಲಿ ಪೇನ್. ಗುಲಾಬಿ ಚಿಗುರಿಗೆ ಮೆತ್ತಿಕೊಂಡು ರಸ ಹೀರುವ ಹುಳಕ್ಕೂ ಅದೇ ಹೆಸರು. ಕನ್ನಡದಲ್ಲಿ ಸಸ್ಯಹೇನು, ತೆಲುಗಿನಲ್ಲಿ ಪೇನುಬಂಕ. ಹೆಸರು ಒಂದೇ ಅಂತ ಔಷಧಿಯೂ ಒಂದೇ ಅಂದುಕೊಂಡರೆ ಕೆಟ್ಟೆವು.

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಹೀಗಾಯಿತು. ನಾಲ್ಕನೇ ಕ್ಲಾಸಿನ ಮೊಮ್ಮಗಳು ಸ್ಕೂಲಿಂದ ಅಳುತ್ತಾ ಬಂದಳು. ತಲೇಲಿ ಹೇನಿದೆ ಅಂತ ಒಬ್ಬಳನ್ನೇ ದೂರ ಕೂರಿಸಿದ್ದರಂತೆ. ಸೊಸೆಗೆ ಅವಮಾನ. ಪಂಪ್‌ಸೆಟ್ ಮನೆಯಿಂದ, ಗುಲಾಬಿಗೆ ಹೊಡೆದು ಉಳಿದಿದ್ದ ಬಾಟಲಿ ತಂದು, "ಮಾವ, ಒಂದು ಮುಚ್ಚಳ ಎಣ್ಣೇಲಿ ಕಲಸಿ ಹಚ್ಚಿದ್ರೆ ಸಾಯಲ್ವಾ?" ಅಂದಳು.

"ಹೇನೂ ಸಾಯುತ್ತಮ್ಮ, ಮಗೂನೂ ಸಾಯಬಹುದು" ಅಂದೆ.

ಅವಳನ್ನು ಬೈಯಲು ನನಗೆ ಬಾಯಿಲ್ಲ. ಚಿಕ್ಕವನಿದ್ದಾಗ ಗ್ಯಾಮಾಕ್ಸಿನ್ ಪುಡಿ ತಲೆಗೆ ತಿಕ್ಕಿಸಿಕೊಂಡವನು ನಾನು. ಆ ಬಿ.ಎಚ್.ಸಿ. ಪುಡಿಯನ್ನು 1997ರಲ್ಲಿ ದೇಶದಲ್ಲೇ ನಿಷೇಧಿಸಿದರು.

ಹೊಲದ ವಿಷ ನೆತ್ತಿಯ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಕೆರೆದು ಗಾಯವಾಗಿದ್ದರೆ ಇನ್ನೂ ಬೇಗ. ಬೆವರು, ಜೊಲ್ಲು, ವಾಂತಿ, ಉಸಿರು ಕಟ್ಟುವುದು ಇಂಥ ಹಲವು ವಿಷಗಳ ಗುರುತು. ಯಾರಾದರೂ ಹಚ್ಚಿಬಿಟ್ಟಿದ್ದರೆ ಆ ಬಟ್ಟೆ ತೆಗೆದು, ಸೋಪು ಹಾಕಿ ತಲೆ ಮೈ ತೊಳೆಯಿರಿ. 108ಕ್ಕೆ ಫೋನು ಮಾಡಿ. ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಎಮ್ಮೆಯ ಹೇನಿಗೆ ಹಾಕುವ ಔಷಧಿಗೂ ಇದೇ ಮಾತು. ಸೀಮೆಎಣ್ಣೆ ಹಚ್ಚಿಕೊಂಡು ಒಲೆ ಮುಂದೆ ಕೂತರೆ ತಲೆಗೇ ಬೆಂಕಿ. ಸೀತಾಫಲದ ಬೀಜದ ಪುಡಿ ಹಿರಿಯರ ಔಷಧಿ ನಿಜ, ಆದರೆ ಕಣ್ಣಿಗೆ ಬಿದ್ದರೆ ಕರಿಗುಡ್ಡೆ ಹುಣ್ಣಾಗುತ್ತದೆ.

ಹಾಗಾದರೆ ಏನು ಮಾಡೋದು? ನನ್ನ ಹೆಂಡತಿ ಸೀರಣಿಗೆ ತೆಗೆದಳು. ತಲೆಗೆ ಸ್ನಾನ ಮಾಡಿಸಿ, ಒದ್ದೆ ಕೂದಲಿಗೆ ಕೊಬ್ಬರಿ ಎಣ್ಣೆ ಸವರಿ, ಬುಡದಿಂದ ತುದಿಯವರೆಗೆ ಎಳೆ ಎಳೆಯಾಗಿ ಬಾಚಿ, ಪ್ರತಿ ಸಲ ಬಿಳೀ ಬಟ್ಟೆಗೆ ಒರೆಸಿದಳು. ಮೂರು ನಾಲ್ಕು ದಿನಕ್ಕೊಮ್ಮೆ, ಹೀಗೆ ಎರಡು ವಾರ. ಅದಕ್ಕೂ ಬಗ್ಗದಿದ್ದರೆ ಡಾಕ್ಟರನ್ನು ಕೇಳಿ ಮೆಡಿಕಲ್ ಸ್ಟೋರಿನ ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ತನ್ನಿ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ಹೊಲದ ಬಾಟಲಿ ಮೇಲೂ ಅದೇ ಥರದ ಹೆಸರು ಇರುತ್ತೆ. ಅದು ಬೇರೆ ಬಲದ್ದು, ತಲೆಗಲ್ಲ.

ಒಂದೇ ಸಲಕ್ಕೆ ಮುಗಿಯಿತು ಅನ್ನಬೇಡಿ. ಹೆಣ್ಣು ಹೇನು ದಿನಕ್ಕೆ ಆರೇಳು ಸೀರು ಇಡುತ್ತದೆ. ಸೀರು ಒಡೆಯಲು ಎಂಟೊಂಬತ್ತು ದಿನ ಬೇಕು. ಲೋಷನ್ನಿಗೆ ಹೇನು ಸತ್ತರೂ ಸೀರು ಉಳಿಯುತ್ತದೆ. ಅದಕ್ಕೇ ಒಂಬತ್ತನೇ ದಿನ ಇನ್ನೊಮ್ಮೆ ಹಚ್ಚಬೇಕು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ದಿಂಬಿನ ಕವರು, ಟವೆಲು, ಬಾಚಣಿಗೆ ಬಿಸಿನೀರಿಗೆ ಹಾಕಿ. ತಲೆಯಿಂದ ಬಿದ್ದ ಹೇನು ಎರಡು ದಿನ ಬದುಕುವುದೂ ಕಷ್ಟ, ಮನೆಗೆಲ್ಲ ಔಷಧಿ ಹೊಡೆಯಬೇಕಿಲ್ಲ.

ಹೇನು ಹಾರಲ್ಲ, ನೆಗೆಯಲ್ಲ. ತಲೆಗೆ ತಲೆ ತಾಗಿ ಮಕ್ಕಳು ಆಡುವಾಗ ಹತ್ತುತ್ತದೆ. ದಿನಾ ತಲೆ ತೊಳೆಯುವ ಮಗುವಿಗೂ ಹತ್ತುತ್ತದೆ. ಜಡೆ ಬಿಗಿಯಾಗಿ ಹೆಣೆಯಿರಿ, ವಾರಕ್ಕೊಮ್ಮೆ ಬಿಸಿಲಲ್ಲಿ ಕೂರಿಸಿ ನೋಡಿ. ಮೇಷ್ಟರುಗಳೇ, ಮಗುವನ್ನು ಬೇರೆ ಕೂರಿಸಬೇಡಿ. ತಾಯಿಗೆ ಮೆಲ್ಲಗೆ ಹೇಳಿ ಕಳಿಸಿ. ಆ ಅವಮಾನವೇ ನನ್ನ ಸೊಸೆಯ ಕೈಗೆ ಬಾಟಲಿ ಕೊಟ್ಟಿದ್ದು.

ಮೊಮ್ಮಗಳ ತಲೆ ಈಗ ಶುದ್ಧ. ಪಂಪ್‌ಸೆಟ್ ಮನೆಗೆ ಬೀಗ ಬಿದ್ದಿದೆ, ಬೀಗದ ಕೈ ನನ್ನ ಉಡುದಾರದಲ್ಲಿದೆ. ನಿಮ್ಮ ಔಷಧಿ ಬಾಟಲಿ ಎಲ್ಲಿದೆ, ಇವತ್ತೇ ಎದ್ದು ಒಮ್ಮೆ ನೋಡಿ.